ವೈನ್ ದ್ರಾಕ್ಷಿ: ಯಾವ ತಳಿ, ಎಷ್ಟು ಟನ್, ಏನು ರೇಟು? ಈ ವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ವೈನ್ ದ್ರಾಕ್ಷಿ ಕೊಯ್ಲು ಶುರುವಾಗಿದೆ. ಬೆಂಗಳೂರಿನ ತೋಟಗಾರಿಕೆ ಸಲಹೆಗಾರರಾದ ನಮ್ಮ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹೆಬ್ಬಾಳ ಓದುಗ: ಮೇಡಂ, ವೈನ್ ದ್ರಾಕ್ಷಿ ಅಂದರೆ ನಮ್ಮ ಬೆಂಗಳೂರು ಬ್ಲೂ ತಾನೇ? ಶಿರಾಜ್‌ಗೆ ಅದಕ್ಕಿಂತ ಜಾಸ್ತಿ ರೇಟು ಯಾಕೆ?

ಮೇಡಂ: ಬೆಂಗಳೂರು ಬ್ಲೂ ಎಲ್ಲದಕ್ಕೂ ಬರುತ್ತದೆ. ತಿನ್ನುತ್ತೇವೆ, ಜ್ಯೂಸ್ ಮಾಡುತ್ತೇವೆ, ಪೋರ್ಟ್ ಅಂತ ಮಾರುವ ಸಿಹಿ ವೈನ್‌ಗೂ ಹೋಗುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿರುವ ನಮ್ಮದೇ ಹಣ್ಣು. ರೋಗ ತಡೆದುಕೊಳ್ಳುತ್ತದೆ, ಚೆನ್ನಾಗಿ ನೋಡಿಕೊಂಡರೆ ಹೆಕ್ಟೇರಿಗೆ 40 ಟನ್ ದಾಟುತ್ತದೆ. ಅಂದರೆ ಎಕರೆಗೆ 16 ಟನ್. ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್, ಸೋವಿನ್ಯೋನ್ ಬ್ಲಾಂಕ್, ಶೆನಿನ್ ಬ್ಲಾಂಕ್ ಇವೆಲ್ಲ ವೈನ್‌ಗಾಗಿಯೇ ಬೆಳೆಯುವ ಬೇರೆ ಜಾತಿ. ಗೊಂಚಲು ಕಿತ್ತು ಹಾಕಿ ಬೇಕೆಂತಲೇ ಇಳುವರಿ ಇಳಿಸುತ್ತೇವೆ, ಇಲ್ಲದಿದ್ದರೆ ರಸಕ್ಕೆ ಬಣ್ಣ, ರುಚಿ ಬರುವುದಿಲ್ಲ. ಎಕರೆಗೆ 4–5 ಟನ್ ಬಂದರೆ ಅದೇ ದೊಡ್ಡದು. ಹಾಗಾಗಿ ಕೆಜಿ ರೇಟು ಎದುರುಬದುರು ಇಟ್ಟು ನೋಡಬೇಡಿ. ಎಕರೆಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಅದನ್ನು ನೋಡಿ.

ಐಟಿ ಬಿಟ್ಟ ರೈತ: ಇದು ನಿಜವಾ ಮೇಡಂ? ನಾಲ್ಕು ಗ್ರೂಪಲ್ಲಿ ಬಂದಿದೆ. "ಅಮೆರಿಕದಲ್ಲಿ ಕ್ಯಾಬರ್ನೆ ದ್ರಾಕ್ಷಿ ಕೆಜಿಗೆ 750 ರೂಪಾಯಿ! ನಮ್ಮ ರೈತರಿಗೆ 50! ಎಚ್ಚೆತ್ತುಕೊಳ್ಳಿ! ಹತ್ತು ಜನರಿಗೆ ಕಳಿಸಿ."

ಮೇಡಂ: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಈಗ ತಾನೇ ಹೇಳಿದರು. ಆದರೂ ಇದಕ್ಕೆ ಉತ್ತರ ಕೊಡುತ್ತೇನೆ, ಯಾಕೆಂದರೆ ಇದನ್ನು ನಂಬಿ ಬಳ್ಳಿ ನೆಡುವವರು ಇದ್ದಾರೆ. ಅದು ಕ್ಯಾಲಿಫೋರ್ನಿಯಾದಲ್ಲಿ ದುಬಾರಿ ವೈನ್‌ಗೆ ಹೆಸರಾದ ನಾಪಾ ಕಣಿವೆಯ ರೇಟು. ಅಲ್ಲಿ ಕ್ಯಾಬರ್ನೆ ಟನ್ನಿಗೆ 8 ಸಾವಿರ ಡಾಲರ್ ದಾಟುತ್ತದೆ, ನಿಜ. ಅವರ ಟನ್ 907 ಕೆಜಿ. ಅದೇ ಕ್ಯಾಲಿಫೋರ್ನಿಯಾದಲ್ಲಿ, ಅದೇ ಕ್ಯಾಬರ್ನೆ, ಫ್ರೆಸ್ನೊ ಕಡೆಯ ಬಿಸಿ ಬಯಲಲ್ಲಿ ಅದರ ಹತ್ತರಲ್ಲೊಂದು ಪಾಲೂ ಸಿಗುವುದಿಲ್ಲ. ನಮ್ಮ ಲೆಕ್ಕಕ್ಕೆ ತಂದರೆ ಅದು ಇಲ್ಲಿನ ರೇಟಿನ ಹತ್ತಿರಕ್ಕೇ ಬಂತು. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. 2024ರಲ್ಲಿ ಆ ರಾಜ್ಯದ ವೈನ್ ದ್ರಾಕ್ಷಿ 30 ಲಕ್ಷ ಟನ್ನಿಗಿಂತ ಕೆಳಗಿಳಿಯಿತು. ಅಲ್ಲಿಯವರೆಗಿನ 20 ವರ್ಷದಲ್ಲೇ ಕಡಿಮೆ. ಹಾಗಿದ್ದೂ ಕೊಳ್ಳುವವರಿಲ್ಲದೆ ಎಷ್ಟೋ ತೋಟದಲ್ಲಿ ಹಣ್ಣು ಬಳ್ಳಿಯಲ್ಲೇ ಉಳಿಯಿತು.

ಅವರಿಂದ ಕಲಿಯಬೇಕಾದ್ದು ರೇಟನ್ನಲ್ಲ, ಲೆಕ್ಕ ಇಡುವುದನ್ನು. 1976ರ ಒಂದು ಕಾನೂನಿನ ಪ್ರಕಾರ ಅಲ್ಲಿನ ಪ್ರತಿ ವೈನರಿಯೂ ಯಾವ ತಳಿ, ಎಷ್ಟು ಟನ್, ಎಷ್ಟು ಬ್ರಿಕ್ಸ್ (ರಸದಲ್ಲಿರುವ ಸಕ್ಕರೆಯ ಅಳತೆ), ಏನು ರೇಟು ಅಂತ ಸರ್ಕಾರಕ್ಕೆ ಬರೆದು ಕೊಡಲೇಬೇಕು. ರಾಜ್ಯವನ್ನು 17 ವಲಯ ಮಾಡಿ ವರ್ಷ ವರ್ಷ ಪ್ರಕಟಿಸುತ್ತಾರೆ. ರೈತ ಅದನ್ನು ಕೈಯಲ್ಲಿ ಹಿಡಿದು ಮಾತಾಡುತ್ತಾನೆ. ನಮ್ಮಲ್ಲಿ 2007ರಲ್ಲೇ ವೈನ್ ನೀತಿ ಬಂತು, ಮಂಡಳಿ ಬಂತು. ಆದರೆ ಪಕ್ಕದ ಊರಿನವನಿಗೆ ಎಷ್ಟು ಸಿಕ್ಕಿತು ಅಂತ ಈಗಲೂ ಟೀ ಅಂಗಡಿಯಲ್ಲೇ ಕೇಳಿ ತಿಳಿಯಬೇಕು.

ಜಯನಗರ ತಾರಸಿ: ಮೇಡಂ, ತಾರಸಿ ಮೇಲೆ ಡ್ರಮ್ಮಿನಲ್ಲಿ ಒಂದು ಬಳ್ಳಿ ಇದೆ. ಎಲೆ ಬರುತ್ತೆ, ಹೂವು ಬರಲ್ಲ. ಏನು ಮಾಡಲಿ?

ಕೆಂಗೇರಿ ಮನೆ: ಮನೆಯಲ್ಲೇ ಬೆಂಗಳೂರು ಬ್ಲೂ ವೈನ್ ಮಾಡೋದು ಹೇಗೆ? ಒಂದು ಕೆಜಿಗೆ ಎಷ್ಟು ಸಕ್ಕರೆ?

ಮೇಡಂ: ಪರವಾನಗಿ ಇಲ್ಲದೆ ಮಾಡುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅಪರಾಧ. ಹೇಳಿಕೊಡುವುದಿಲ್ಲ.

ತೂಬಗೆರೆ ತೋಟ: ಮೇಡಂ, 2 ಎಕರೆ ಶಿರಾಜ್ ಇದೆ. ಈ ಸಲ 10 ಟನ್ ಅಂದಾಜು. ಒಂದು ವೈನರಿಯವರು 22 ಬ್ರಿಕ್ಸ್ ಬಂದರೆ ಕೆಜಿಗೆ 45 ರೂಪಾಯಿ ಅಂತ ಬಾಯಲ್ಲಿ ಹೇಳಿದ್ದರು. 22 ಬಂದಿದೆ. ಈಗ 24 ಆಗಲಿ, ಆಮೇಲೆ ಕೊಯ್ಯಿ ಅನ್ನುತ್ತಿದ್ದಾರೆ. ರೇಟು ಅದೇ. ಮೋಡ ಬೇರೆ ಕಟ್ಟುತ್ತಿದೆ, ಹಕ್ಕಿ ಕಾಟ ಬೇರೆ. ಕಾಯಲಾ, ಕೊಯ್ದು ಬಿಡಲಾ?

ಮೇಡಂ: ತೂಬಗೆರೆಯವರೇ, ನಿಮ್ಮ ಮಾತು ಕೇಳಿ ಆತಂಕವಾಯಿತು. ಉಳಿದವರು ಸ್ವಲ್ಪ ಕಾಯಿರಿ.

ಮೊದಲನೆಯದು, ಸುಮ್ನೆ ಕೊಯ್ಯಬೇಡಿ. ಶಿರಾಜ್ ಹಣ್ಣು ಸಣ್ಣದು, ಬೀಜ ಇದೆ, ಸಿಪ್ಪೆ ದಪ್ಪ. ತಿನ್ನುವ ದ್ರಾಕ್ಷಿಯಾಗಿ ಮಂಡಿಗೆ ಒಯ್ದರೆ ಯಾರೂ ಕೇಳುವುದಿಲ್ಲ. ಕೊಯ್ದ ಮೇಲೆ ನಿಮ್ಮ ಮಾತಿಗೆ ಬಲವೇ ಇರುವುದಿಲ್ಲ.

ಈಗ ಲೆಕ್ಕ ನೋಡಿ. ಶಿರಾಜ್ ಕೊನೆಯ ಹಂತದಲ್ಲಿ ಸೊರಗುವ ತಳಿ. ಒಂದು ಹಂತ ದಾಟಿದ ಮೇಲೆ ಬ್ರಿಕ್ಸ್ ಏರುವುದು ಹೊಸ ಸಕ್ಕರೆ ಬಂದು ಅಲ್ಲ, ಹಣ್ಣಿನಿಂದ ನೀರು ಹೋಗಿ. 22ರಿಂದ 24ಕ್ಕೆ ಪೂರ್ತಿ ಹೀಗೇ ಏರಿತು ಅಂದುಕೊಳ್ಳಿ. ನಿಮ್ಮ 10 ಟನ್ 9.17 ಟನ್ ಆಯಿತು. ಸುಮಾರು 830 ಕೆಜಿ ಗಾಳಿಗೆ ಹೋಯಿತು. 45 ರೂಪಾಯಿಯಂತೆ 37 ಸಾವಿರ ಚಿಲ್ಲರೆ. ಅವರಿಗೆ ಅದೇ ಸಕ್ಕರೆ, ಗಾಢ ಬಣ್ಣ, ಕಡಿಮೆ ಬಿಲ್ಲು. ನಿಮಗೆ ಕಾದ ಶ್ರಮ, ಹಕ್ಕಿ ತಿಂದ ಗೊಂಚಲು. ನೀವು ನಷ್ಟವಿಲ್ಲದೆ ನಿಲ್ಲಬೇಕಾದರೆ 24 ಬ್ರಿಕ್ಸ್‌ಗೆ ಕೆಜಿಗೆ 49 ರೂಪಾಯಿ ಸಿಗಬೇಕು. ಲಾಭ ಬೇಕಾದರೆ ಅದಕ್ಕಿಂತ ಮೇಲೆ.

ಅವರು 24 ಕೇಳುವುದು ತಪ್ಪಲ್ಲ. ಒಳ್ಳೆಯ ಕೆಂಪು ವೈನ್‌ಗೆ 23–24 ಸರಿಯಾದ ಬ್ರಿಕ್ಸ್. 22ರ ರೇಟಿಗೆ 24 ಕೇಳುವುದು ತಪ್ಪು.

ಬ್ರಿಕ್ಸ್ ಯಾರು ನೋಡಿದರು? ಅವರ ಹುಡುಗ ಬಂದು ಒಂದು ಗೊಂಚಲು ಹಿಂಡಿ ನೋಡಿದ್ದಾದರೆ ಅದು ಲೆಕ್ಕಕ್ಕಿಲ್ಲ. ಬಿಸಿಲು ಬೀಳುವ ಕಡೆ ಒಂದು ಸಂಖ್ಯೆ, ನೆರಳಿನ ಕಡೆ ಇನ್ನೊಂದು. ತೋಟದ ಎಲ್ಲಾ ಸಾಲಿನಿಂದ, ಎರಡೂ ಮಗ್ಗುಲಿನಿಂದ, ಗೊಂಚಲಿನ ಮೇಲೆ, ನಡು, ಕೆಳಗೆ ಅಂತ ಒಟ್ಟು 200 ಹಣ್ಣು ಕೀಳಿ. ಒಟ್ಟಿಗೆ ಹಿಂಡಿ, ಸೋಸಿ, ಬೆಳಿಗ್ಗೆ ತಂಪಿನಲ್ಲಿ ನೋಡಿ. ಅದೇ ರಸದ ಪಿಎಚ್ ಕೂಡ ನೋಡಿಸಿ. ಅದು ಹುಳಿಯ ಅಳತೆ, ಹುಳಿ ಇಳಿದಷ್ಟೂ ಏರುತ್ತದೆ. ನಮ್ಮ ಮಾರ್ಚ್ ಬಿಸಿಲಿಗೆ ಹುಳಿ ಬೇಗ ಇಳಿಯುತ್ತದೆ. ಪಿಎಚ್ 3.8 ದಾಟಿದರೆ ಬ್ರಿಕ್ಸ್ ಎಷ್ಟೇ ಇದ್ದರೂ ಅವರೇ ಮುಖ ತಿರುಗಿಸುತ್ತಾರೆ. ಆಗ 24ರ ಮಾತು ಮರೆತು "ಹಣ್ಣು ಜಾಸ್ತಿ ಆಯ್ತು" ಅನ್ನುತ್ತಾರೆ.

ಇವತ್ತೇ ಅವರಿಗೆ ಬರೆದು ಕಳಿಸಿ. ಫೋನಲ್ಲ, ಮೆಸೇಜ್. "ಇಂಥ ದಿನ ಹಣ್ಣು 22 ಬಂದಿದೆ, ನಾನು ಕೊಡಲು ತಯಾರಿದ್ದೆ, ನಿಮ್ಮ ಮಾತಿನ ಮೇಲೆ ಕಾಯುತ್ತಿದ್ದೇನೆ. 24ಕ್ಕೆ ರೇಟು ಎಷ್ಟು, ಮಳೆ ಬಂದರೆ ಯಾರ ಹೊಣೆ, ಹಣ ಯಾವತ್ತು?" ತೂಕದ ಚೀಟಿ ನಿಮ್ಮ ಕಡೆಯ ವೇಬ್ರಿಜ್‌ನಲ್ಲೂ ಮಾಡಿಸಿ. ಮಳೆ ಬಂದರೆ ಮರುದಿನ ಗಾಬರಿಯಿಂದ ಕೊಯ್ಯಬೇಡಿ, ಬ್ರಿಕ್ಸ್ ಇಳಿದಿರುತ್ತದೆ. ಹಣ್ಣು ಒಡೆದು ಕೊಳೆ ಹಿಡಿಯುತ್ತಿದೆ ಅಂದರೆ ಮಾತ್ರ ತಡ ಮಾಡಬೇಡಿ.

ಇನ್ನೊಂದು. ಕೊನೆಯ ಔಷಧಿ ಏನು, ಯಾವಾಗ ಹೊಡೆದಿರಿ?

ನಂದಿ ತಪ್ಪಲು: ಬ್ರಿಕ್ಸ್ ಏರಿಸೋಕೆ ಸುಲಭ ದಾರಿ ಇದೆ. ಬೆಲ್ಲ, ಯೂರಿಯಾ ಕಲಸಿ ಕೊಯ್ಲಿಗೆ ನಾಲ್ಕು ದಿನ ಮುಂಚೆ ಹೊಡೆಯಿರಿ. ಜೊತೆಗೆ 0-0-50 ಪೊಟ್ಯಾಷ್ ಗೊಬ್ಬರ. ನಮ್ಮ ಗ್ರೂಪಲ್ಲಿ ಎಲ್ಲರೂ ಮಾಡ್ತಾರೆ.

ಮೇಡಂ: ಬೇಡ. ಬೆಲ್ಲ ಹಣ್ಣಿನ ಒಳಗೆ ಹೋಗುವುದಿಲ್ಲ. ಸಿಪ್ಪೆ ಮೇಲೆ ಕೂತು ಇರುವೆ, ನೊಣ, ಬೂಷ್ಟು ಕರೆಯುತ್ತದೆ. ಆ ಹೊತ್ತಿಗೆ ಯೂರಿಯಾ ಕೊಟ್ಟರೆ ಬಳ್ಳಿ ಚಿಗುರಲು ಹೊರಡುತ್ತದೆ. 0-0-50 ತಿನ್ನುವ ದ್ರಾಕ್ಷಿಗೆ ಬೇರೆ ಮಾತು. ವೈನ್ ದ್ರಾಕ್ಷಿಯಲ್ಲಿ ಪೊಟ್ಯಾಷ್ ಜಾಸ್ತಿಯಾದರೆ ಹುಳಿಯನ್ನು ಕಟ್ಟಿಹಾಕಿ ಪಿಎಚ್ ಏರಿಸುತ್ತದೆ. ಇದನ್ನು ಹರಡಬೇಡಿ.

ಹಳೇ ಬಳ್ಳಿ: ಮೇಡಂ ಹೇಳಿದ ಲೆಕ್ಕದ ಪುಸ್ತಕ ನಾವೇ ಮಾಡೋಣ. ಇಲ್ಲೇ ಎಲ್ಲರೂ ತಳಿ, ಟನ್, ಬ್ರಿಕ್ಸ್, ರೇಟು ಹಾಕಿ. ನಾನೇ ಮೊದಲು: ಶೆನಿನ್ ಬ್ಲಾಂಕ್, 6 ಟನ್, 21 ಬ್ರಿಕ್ಸ್, 38 ರೂಪಾಯಿ.

ದೇವನಹಳ್ಳಿ ಗೇಟ್: ಹಾಕಬೇಡಿ ಸಾರ್. ವೈನರಿಯವರೂ ಈ ಗ್ರೂಪಲ್ಲಿದ್ದಾರೆ. ನಾಳೆಯಿಂದ ಎಲ್ಲರಿಗೂ 38 ಅಂತಾರೆ.

ಹಳೇ ಬಳ್ಳಿ: ಅವರಿಗೆ ಎಲ್ಲರ ರೇಟೂ ಗೊತ್ತು. ಗೊತ್ತಿಲ್ಲದೆ ಇರೋದು ನಮಗೆ ಮಾತ್ರ.

ದೇವನಹಳ್ಳಿ ಗೇಟ್: ನಿಮಗೆ ಮಾರೋಕೆ ಲೇಔಟ್ ಜಾಗ ಇದೆ, ಧೈರ್ಯವಾಗಿ ಮಾತಾಡ್ತೀರ. ನಮಗೆ ಇರೋದು ಒಂದೂವರೆ ಎಕರೆ. ಏರ್‌ಪೋರ್ಟ್ ಬಂದ ಮೇಲೆ ನಮ್ಮ ಸುತ್ತ ಇದ್ದ ಬಳ್ಳಿಯೆಲ್ಲ ಕಿತ್ತು ಸೈಟು ಮಾಡಿದ್ದು ಯಾರು?

ಹಳೇ ಬಳ್ಳಿ: ನಾನು ಒಂದು ಗುಂಟೆಯೂ ಮಾರಿಲ್ಲ. ತಿಳಿಯದೆ ಮಾತಾಡಬೇಡಿ.

ರಾಜಾಜಿನಗರ ಅಜ್ಜಿ: ಒಟ್ಟಿನಲ್ಲಿ ಹೆಂಡಕ್ಕೆ ಹಣ್ಣು ಬೆಳೆಯೋದೇ ತಪ್ಪು. ಹಾಪ್‌ಕಾಮ್ಸ್ ದ್ರಾಕ್ಷಿ ಮೇಳಕ್ಕೆ ಕೊಡಿ, ಮಕ್ಕಳು ತಿನ್ನಲಿ.

ದೇವನಹಳ್ಳಿ ಗೇಟ್: ಶಿರಾಜ್ ತಿಂದು ನೋಡಿ ಅಮ್ಮ, ಬರೀ ಬೀಜ.

ನಂದಿ ತಪ್ಪಲು: ಹಣ್ಣು ವ್ಯರ್ಥವಾಗದೆ ಇರೋಕೆ ಇದು ನೋಡಿ: "ಕಪ್ಪು ದ್ರಾಕ್ಷಿ, ಬೆಲ್ಲ, ನೀರು ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ 21 ದಿನ ಇಡಿ. ಸಕ್ಕರೆ ಕಾಯಿಲೆಗೆ ರಾಮಬಾಣ. ಮಾತ್ರೆ ಬೇಕಾಗಿಲ್ಲ."

ಮೇಡಂ: ಇದನ್ನು ಈಗಲೇ ಅಳಿಸಿ. ಹುಳಿಯುವಾಗ ಅನಿಲ ಬರುತ್ತದೆ. ಬಿಗಿ ಮುಚ್ಚಳದ ಗಾಜು ಸಿಡಿದು ಕಣ್ಣಿಗೆ ಬಡಿಯುತ್ತದೆ. ಬೆಲ್ಲವೂ ಸಕ್ಕರೆಯೇ. ಮಾತ್ರೆ ನಿಲ್ಲಿಸಿ ಅನ್ನಲು ನೀವು ಡಾಕ್ಟರಾ? ಯಾರಾದರೂ ಇದನ್ನು ನಂಬಿ ಮಾತ್ರೆ ಬಿಟ್ಟರೆ ಜೀವಕ್ಕೇ ಕುತ್ತು.

ನಂದಿ ತಪ್ಪಲು: ಬಂದಿದ್ದನ್ನು ಹಾಕಿದೆ ಅಷ್ಟೇ. ಇಷ್ಟು ಕೋಪ ಯಾಕೆ?

ವೈಟ್‌ಫೀಲ್ಡ್ ಹೊಸಬ: ಮನೇಲಿ ವೈನ್ ಮಾಡೋಕೆ ಯಾವ ದ್ರಾಕ್ಷಿ ಒಳ್ಳೇದು ಮೇಡಂ?

ಮೇಡಂ: ಮೇಲೆ ಓದಿ.

ವಿಜಯಪುರ ರೈತ: ನಮ್ಮ ಕಡೆ ಎಲ್ಲ ಥಾಂಪ್ಸನ್ ಸೀಡ್‌ಲೆಸ್. ಒಣದ್ರಾಕ್ಷಿ ರೇಟು ಬಿದ್ದಾಗ ಹಸಿ ಹಣ್ಣನ್ನು ವೈನರಿಗೆ ಕೊಡಬಹುದಾ?

ಮೇಡಂ: ಕೊಡಬಹುದು, ಆದರೆ ಕೊನೆಯ ರೇಟಿಗೆ. ರುಚಿ, ವಾಸನೆ ಎರಡೂ ಸಪ್ಪೆ. ಜಿಬ್ಬರೆಲಿಕ್ ಆಮ್ಲ ಹೊಡೆದು ಹಿಗ್ಗಿಸಿದ ಹಣ್ಣಾದರೆ ನೀರೇ ಜಾಸ್ತಿ. 4 ಕೆಜಿ ಹಸಿ ಹಣ್ಣಿಗೆ 1 ಕೆಜಿ ಒಣದ್ರಾಕ್ಷಿ ಅಂತ ಹಿಡಿದು, ಒಣಗಿಸುವ ಖರ್ಚು ಕಳೆದು ನೋಡಿ. ಆಗ ಉತ್ತರ ನಿಮಗೇ ಸಿಗುತ್ತದೆ.

ಕೋಲಾರ ಬೋರ್‌ವೆಲ್: ಹೊಸದಾಗಿ ಶಿರಾಜ್ ಹಾಕೋಕೆ ಸಬ್ಸಿಡಿ ಇದೆಯಾ?

ತೂಬಗೆರೆ ತೋಟ: ಮೇಡಂ, ನೀವು ಕೇಳಿದ್ದಕ್ಕೆ ಉತ್ತರ. ಹೋದ ವಾರ ಗಂಧಕ ಹೊಡೆದೆ. ಬೂದಿ ರೋಗ ಸ್ವಲ್ಪ ಕಂಡಿತ್ತು. ಕೊಯ್ಲಿನ ಮುಂಚೆ ಗಂಧಕ ಹೊಡೆದರೆ ಹಣ್ಣು ಮಿಂಚುತ್ತೆ ಅಂತ ಗ್ರೂಪಲ್ಲಿ ಬಂದಿತ್ತು.

ಮೇಡಂ: ಅಯ್ಯೋ.

ಇದು ರೇಟಿಗಿಂತ ದೊಡ್ಡ ವಿಷಯ. ಹಣ್ಣಿನ ಮೇಲೆ ಉಳಿದ ಗಂಧಕ ಹುಳಿಯುವಾಗ ಕೊಳೆತ ಮೊಟ್ಟೆ ವಾಸನೆಯ ಅನಿಲವಾಗುತ್ತದೆ. ಬಿಳಿ ವೈನ್ ಆದರೆ ರಸ ತಿಳಿಯಾಗಲು ಬಿಟ್ಟು ಸ್ವಲ್ಪ ತೆಗೆಯಬಹುದು. ಕೆಂಪು ವೈನ್ ಸಿಪ್ಪೆ ಸಮೇತ ಹುಳಿಯುತ್ತದೆ, ಎಲ್ಲಾ ಒಳಗೇ ಹೋಗುತ್ತದೆ. ಕೊಯ್ಲಿಗೆ 5 ವಾರ ಇರುವಾಗಲೇ ನಿಲ್ಲಿಸಬೇಕಿತ್ತು. ಈಗ ಮುಚ್ಚಿಟ್ಟು ಕೊಟ್ಟರೆ ಇಡೀ ಟ್ಯಾಂಕ್ ಹಾಳಾಗಬಹುದು, ಮುಂದಿನ ವರ್ಷ ನಿಮ್ಮ ತೋಟದ ಕಡೆ ಯಾರೂ ಬರುವುದಿಲ್ಲ.

ಈಗಲೇ ಅವರ ವೈನ್ ಮಾಡುವವರಿಗೆ ಹೇಳಿ. ಫೀಲ್ಡ್ ಹುಡುಗನಿಗಲ್ಲ. ಯಾವ ದಿನ, ಯಾವ ಗಂಧಕ, ಎಷ್ಟು ಪ್ರಮಾಣ, ಎಲ್ಲಾ ಬರೆದು ಕೊಡಿ. ಮೊದಲೇ ಗೊತ್ತಾದರೆ ಅವರು ಸ್ವಲ್ಪ ಹಣ್ಣನ್ನು ಬೇರೆಯಾಗಿ ಹುಳಿಸಿ ನೋಡಬಹುದು. ಇನ್ನು ಕಾಯುವುದು ನಿಮಗೂ ಬೇಕಾಗಿದೆ, ದಿನ ಹೋದಷ್ಟೂ ಗಂಧಕ ಕಡಿಮೆಯಾಗುತ್ತದೆ. ಹಾಗಂತ 24ಕ್ಕೆ ಜಾಸ್ತಿ ರೇಟು ಕೇಳುವುದನ್ನು ಬಿಡಬೇಡಿ. ಎರಡೂ ಮಾತು ಒಟ್ಟಿಗೇ ಆಡಿ. ಬಲೆ ಕಟ್ಟಿ, ಹಕ್ಕಿಗೆ ಬಿಡಬೇಡಿ.

ಹಳೇ ಬಳ್ಳಿ: ಆ ಗಂಧಕದ ಮೆಸೇಜ್ ಹಾಕಿದ್ದು ನಂದಿ ತಪ್ಪಲಿನವರೇ. ಮೇಲೆ ಹೋಗಿ ನೋಡಿ.

ನಂದಿ ತಪ್ಪಲು: ನಾನು ಹಾಕಿದ್ದು ತಿನ್ನುವ ದ್ರಾಕ್ಷಿಗೆ. ಓದೋಕೆ ಬರದೆ ಇದ್ದರೆ ನನ್ನ ತಪ್ಪಾ?

ತೂಬಗೆರೆ ತೋಟ: ಅದರಲ್ಲಿ ಎಲ್ಲೂ ಹಾಗೆ ಬರೆದಿರಲಿಲ್ಲ.

ದೇವನಹಳ್ಳಿ ಗೇಟ್: ಇವರನ್ನ ಗ್ರೂಪಿಂದ ತೆಗೀರಿ ಮೊದಲು.

ಅಡ್ಮಿನ್: ಎಲ್ಲರೂ ಸುಮ್ಮನಿರಿ. ಜಗಳ ಬೇರೆ ಕಡೆ.

ಯಲಹಂಕ ರುಚಿ: ದಿನಾ ಒಂದು ಗ್ಲಾಸ್ ರೆಡ್ ವೈನ್ ಹೃದಯಕ್ಕೆ ಒಳ್ಳೇದಾ ಮೇಡಂ?

ಬನಶಂಕರಿ ಓದುಗ: ಈ ವರ್ಷ ಕ್ಯಾಬರ್ನೆ ರೇಟು ಎಷ್ಟು? ಯಾರೂ ಸರಿಯಾಗಿ ಹೇಳುತ್ತಿಲ್ಲ.

ಮೇಡಂ: ಎಷ್ಟು ಬ್ರಿಕ್ಸ್‌ಗೆ, ಎಷ್ಟು ಟನ್‌ಗೆ, ತೋಟದಲ್ಲಿ ತೂಗಿದ್ದಾ ವೈನರಿಯಲ್ಲಿ ತೂಗಿದ್ದಾ? ಅದಿಲ್ಲದೆ ರೇಟು ಕೇಳಬೇಡಿ. ಹಳೇ ಬಳ್ಳಿಯವರು ಹಾಕಿದ ಹಾಗೆ ಉಳಿದವರೂ ಹಾಕಿ, ಹೆಸರು ಬೇಡ, ಅಡ್ಮಿನ್‌ಗೆ ಕಳಿಸಿದರೂ ಸಾಕು. ಇಪ್ಪತ್ತು ತೋಟದ ಲೆಕ್ಕ ಸಿಕ್ಕರೆ ತೂಬಗೆರೆಯವರಂಥವರು ನಾಳೆ ಖಾಲಿ ಕೈಯಲ್ಲಿ ಕೂರಬೇಕಾಗಿಲ್ಲ.

ದೇವನಹಳ್ಳಿ ಗೇಟ್: ಅಡ್ಮಿನ್‌ಗೆ ಆದರೆ ನಾನು ಕಳಿಸ್ತೀನಿ.

ತೂಬಗೆರೆ ತೋಟ: ಮೇಡಂ, ವೈನ್ ಮಾಡುವವರ ಜೊತೆ ಮಾತಾಡಿದೆ. ಬೈದರು. ಆದರೆ ಹೇಳಿದ್ದು ಒಳ್ಳೇದಾಯ್ತು ಅಂದರು. ಸೋಮವಾರ 50 ಕೆಜಿ ಒಯ್ದು ಬೇರೆಯಾಗಿ ಹುಳಿಸಿ ನೋಡುತ್ತಾರೆ. ರೇಟಿನ ಮಾತಿಗೆ ಆಮೇಲೆ ನೋಡೋಣ ಅಂದರು.

ಮೇಡಂ: ಒಳ್ಳೆಯದು. ಆ 50 ಕೆಜಿಗೂ ಚೀಟಿ ತೆಗೆದುಕೊಳ್ಳಿ. "ಆಮೇಲೆ" ಅಂದದ್ದಕ್ಕೆ ದಿನ ಬರೆಸಿಕೊಳ್ಳಿ. ಪಿಎಚ್ ಎಷ್ಟು ಬಂತು ಅಂತ ಸೋಮವಾರ ರಾತ್ರಿ ನನಗೆ ಹಾಕಿ, 3.7 ದಾಟಿದ್ದರೆ ಫೋನ್ ಮಾಡಿ.