ಸಹಾಯ ಬೇಕು: ಮಂಡಿ ನೋವಿದ್ದರೂ ತೂಕ ಇಳಿಸುವುದು ಹೇಗೆ?

ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ವಯಸ್ಸು 52, ತೂಕ 78 ಕಿಲೋ, ಎರಡೂ ಮಂಡಿ ಸವೆದಿದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು 4 ಕಿಲೋ ಕಡಿಮೆಯಾಗುತ್ತದೆ ಎಂದರು ಡಾಕ್ಟರ್. ದಿನಾ ನಡೆಯೋಣವೆಂದರೆ ನಮ್ಮಲ್ಲಿ ಸಮತಟ್ಟು ದಾರಿಯೇ ಇಲ್ಲ ಅಲ್ವಾ! ತೋಟಕ್ಕೆ ಇಳಿಯುವಾಗ ಮಂಡಿ ಚಿಪ್ಪಿನ ಕೆಳಗೆ ಚುಳ್ ಅನ್ನುತ್ತದೆ, ಅಡಿಕೆ ಮರ ಹಿಡಿದು ನಿಲ್ಲಬೇಕು. ಹತ್ತುವಾಗ ಅಷ್ಟಿಲ್ಲ.

ರಾತ್ರಿ ಅನ್ನ ಬಿಟ್ಟೆ, ಬೆಳಗಿನ ಕಡುಬು ನಾಲ್ಕರಿಂದ ಎರಡಕ್ಕೆ ಇಳಿಸಿದೆ. 3 ಕಿಲೋ ಇಳಿದು ಅಲ್ಲೇ ನಿಂತಿದೆ. ಕುರ್ಚಿಯಲ್ಲಿ ಕೂತು ಕಾಲು ಚಾಚಿ ಎತ್ತುವ ವ್ಯಾಯಾಮದಿಂದ ತೊಡೆಗೆ ಬಲ ಬಂದಿದೆ, ತೂಕಕ್ಕೆ ಅದು ಸಾಲದು. ಮಳೆಗಾಲ ಬೇರೆ, ಅಂಗಳವೆಲ್ಲ ಪಾಚಿ.

ಮನೆಯೊಳಗೇ ತುಳಿಯುವ ಸೈಕಲ್ ತರಬೇಕೆಂದಿದ್ದೇನೆ. ಮಂಡಿ ಸವೆದವರು ಯಾರಾದರೂ ತುಳಿದಿದ್ದೀರಾ? ನೋವು ಜಾಸ್ತಿ ಆಯಿತಾ, ಸೀಟು ಎಷ್ಟು ಎತ್ತರ ಇಟ್ಟಿರಿ, ದಿನಕ್ಕೆ ಎಷ್ಟು ನಿಮಿಷದಿಂದ ಶುರು ಮಾಡಿದಿರಿ?