ಲ್ಯಾಂಡ್‌ಫಾಲ್‌ಗೆ ‘ದಡ ಹಾಯು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಚಂಡಮಾರುತ ಬರುವ ಊರಿಗೇ ಹೋಗಿ ಕೂತು ಅದನ್ನು ಅಳೆಯುವ, ವಿಡಿಯೋ ಮಾಡುವ ಜನರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಲ್ಯಾಂಡ್‌ಫಾಲ್’ ಅನ್ನುವ ಪದದ ಹತ್ತಿರ ಬಂದು ಮೂರು ದಿನದಿಂದ ನಿಂತಿದ್ದೇನೆ. ಇದಕ್ಕೆ ‘ಭೂಕುಸಿತ’ ಎಂದು ಬರೆದದ್ದನ್ನು ಈಚೆಗೆ ಒಂದು ಕಡೆ ಓದಿದೆ. ಭೂಕುಸಿತ ಅಂದರೆ ಗುಡ್ಡ ಜರಿಯುವುದು. ಕೊಡಗಿನವರು ಓದಿದರೆ ಎದೆ ಧಸಕ್ಕೆನ್ನುತ್ತದೆ. ಅದನ್ನು ಬಿಟ್ಟುಬಿಡೋಣ.

ಪದದ ಅರ್ಥ ಇಷ್ಟು: ಚಂಡಮಾರುತದ ಕಣ್ಣಿನ (ಸುತ್ತುವ ಗಾಳಿಯ ಮಧ್ಯದಲ್ಲಿರುವ ಶಾಂತ ಜಾಗದ) ನಡುಭಾಗ ಕಡಲಿನಿಂದ ನೆಲಕ್ಕೆ ಬರುವ ಗಳಿಗೆ. ಗಾಳಿ ಮಳೆ ಶುರುವಾಗುವುದು ಅದಕ್ಕಿಂತ ಎಷ್ಟೋ ಗಂಟೆ ಮೊದಲು. ಇಂಗ್ಲಿಷಿನಲ್ಲಿ ಇದು ಮೊದಲು ಹಡಗಿನವರ ಮಾತು. ದಿನಗಟ್ಟಲೆ ನೀರಿನ ಮೇಲಿದ್ದು ನೆಲ ಕಂಡಾಗ ಹಾಗೆ ಹೇಳುತ್ತಿದ್ದರು.

ನಮ್ಮ ಪತ್ರಿಕೆ, ಟಿವಿಗಳಲ್ಲಿ ‘ಅಪ್ಪಳಿಸಿತು’ ಅನ್ನುತ್ತಾರೆ. ಗಟ್ಟಿ ಪದ, ನನಗೂ ಇಷ್ಟ. ಆದರೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದೆಯಲ್ವಾ? ನಮ್ಮ ಕರಾವಳಿಗೆ ಅದು ಅಪ್ಪಳಿಸಿತು ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಕಡಲು ಮನೆಗಳ ತನಕ ನುಗ್ಗಿತ್ತು. ಆದರೂ ಅದರ ಕಣ್ಣು ನಮ್ಮ ದಡಕ್ಕೆ ಬರಲೇ ಇಲ್ಲ. ತೀರದ ಉದ್ದಕ್ಕೂ ಕಡಲಲ್ಲೇ ಸಾಗಿ, ಮೇ 17ರ ರಾತ್ರಿ ಗುಜರಾತಿನಲ್ಲಿ ನೆಲ ಹತ್ತಿತು. ಹೊಡೆತ ಬಿದ್ದದ್ದು ಒಂದು, ಲ್ಯಾಂಡ್‌ಫಾಲ್ ಇನ್ನೊಂದು. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರಿಗೆ ಗೊಂದಲ.

ನನ್ನ ಲೇಖನದಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಅದರಲ್ಲಿರುವುದು ಡೋರಿಯನ್. 2019ರ ಸೆಪ್ಟೆಂಬರ್ 1ರಂದು ಗಂಟೆಗೆ ಸುಮಾರು 295 ಕಿಲೋಮೀಟರ್ ಗಾಳಿಯೊಂದಿಗೆ ಅಟ್ಲಾಂಟಿಕ್‌ನ ದ್ವೀಪದೇಶ ಬಹಾಮಾಸ್‌ಗೆ ಬಂದ ಹರಿಕೇನ್ (ಆ ಕಡೆ ಚಂಡಮಾರುತಕ್ಕೆ ಹಾಗನ್ನುತ್ತಾರೆ). ಮೊದಲು ಎಲ್ಬೋ ಕೇ ಎಂಬ ಪುಟ್ಟ ದ್ವೀಪ, ಸ್ವಲ್ಪ ಹೊತ್ತಿಗೇ ಗ್ರೇಟ್ ಅಬಾಕೋದ ಮಾರ್ಷ್ ಹಾರ್ಬರ್ ಬಳಿ, ಅದೇ ರಾತ್ರಿ ಗ್ರ್ಯಾಂಡ್ ಬಹಾಮಾ. ಲೆಕ್ಕಕ್ಕೆ ಮೂರು ಲ್ಯಾಂಡ್‌ಫಾಲ್. ಚಂಡಮಾರುತಗಳ ಹಿಂದೆ ಬಿದ್ದವರಲ್ಲಿ ಹೆಸರಾದ ಜಾಷ್ ಮಾರ್ಗರ್‌ಮನ್ ಆಗ ಮಾರ್ಷ್ ಹಾರ್ಬರಿನಲ್ಲಿದ್ದರು. ಗುಡ್ಡದ ಮೇಲಿನ ಕಾಂಕ್ರೀಟ್ ಶಾಲೆ, ಏನೂ ಆಗದು ಅಂದುಕೊಂಡಿದ್ದರು. ಕಣ್ಣಿನ ಸುತ್ತಲ ಗಾಳಿಗೋಡೆ ಬಡಿದ ರಭಸಕ್ಕೆ ಆ ಕಟ್ಟಡವೇ ಒಡೆಯತೊಡಗಿತು. ಆಮೇಲೆ ಕಣ್ಣು ಬಂತು. ಗಾಳಿ ನಿಂತಿತು. ಆ ಬಿಡುವಿನಲ್ಲೇ ಅಲ್ಲಿದ್ದವರು ಕಾರುಗಳಲ್ಲಿ ತುಂಬಿಕೊಂಡು ಒಂದು ಸರ್ಕಾರಿ ಕಟ್ಟಡಕ್ಕೆ ಹೋದರು. ಗೋಡೆಯ ಇನ್ನೊಂದು ಮಗ್ಗುಲು ಹಿಂದೆಯೇ ಬರುತ್ತಿತ್ತು, ಈ ಸಲ ಗಾಳಿ ಎದುರು ದಿಕ್ಕಿನಿಂದ.

ನೋಡಿ, ಕಣ್ಣು ತಲೆಯ ಮೇಲಿರುವ ಹೊತ್ತಿನಲ್ಲಿ ಆ ಊರಲ್ಲಿ ಎಲೆ ಅಲುಗದ ಮೌನ. ಅಪ್ಪಳಿಸುವುದು ಅದಕ್ಕಿಂತ ಮೊದಲೇ ಆಗಿಹೋಗಿದೆ, ಇನ್ನೊಮ್ಮೆ ಆಗುವುದಿದೆ. ಆ ಗಳಿಗೆಗೆ ‘ಅಪ್ಪಳಿಸಿತು’ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ.

ಬೇರೆ ಪದಗಳನ್ನೂ ಹಾಕಿ ನೋಡಿದೆ. ‘ಭೂಸ್ಪರ್ಶ’ ತೀರಾ ಮೆದು, ಹೂವು ಮುಟ್ಟಿದ ಹಾಗೆ. ‘ದಡ ಸೇರಿತು’ ಅಂದರೆ ದೋಣಿ ಸುಖವಾಗಿ ಮನೆಗೆ ಬಂತು ಅಂತ. ತಮಿಳರು ‘ಕರೈಯೈ ಕಡಂದದು’ ಅನ್ನುತ್ತಾರೆ, ತೆಲುಗರು ‘ತೀರಂ ದಾಟಿಂದಿ’. ನಾವೂ ‘ದಡ ದಾಟಿತು’ ಅನ್ನಬಹುದು. ಅರ್ಥ ಸರಿ ಇದೆ. ಆದರೆ ದಾಟಿತು ಅಂದ ಕೂಡಲೇ ‘ಸದ್ಯ, ದಾಟಿ ಹೋಯ್ತು’ ಅನ್ನುವ ನೆಮ್ಮದಿ ಬಂದುಬಿಡುತ್ತದೆ.

ಆಗ ಹೊಳೆದದ್ದು ‘ಹಾಯು’. ಹೊಳೆ ಹಾಯ್ದು ಬಂದ ಅನ್ನುತ್ತೇವೆ, ಅಲ್ಲಿ ಅದು ದಾಟುವುದು. ಎತ್ತು ಹಾಯುತ್ತದೆ ಅನ್ನುತ್ತೇವೆ, ಅಲ್ಲಿ ಅದು ಕೊಂಬು ತಗ್ಗಿಸಿ ನುಗ್ಗಿ ತಿವಿಯುವುದು. ನಮ್ಮ ಅಜ್ಜನ ಕೊಟ್ಟಿಗೆಯಲ್ಲಿ ಒಂದು ಎತ್ತಿತ್ತು. ಹಗ್ಗ ಗಿಡ್ಡ ಮಾಡಿ ಮೂಲೆಯಲ್ಲಿ ಕಟ್ಟುತ್ತಿದ್ದರು. ‘ಹತ್ತಿರ ಹೋಗ್ಬೇಡ, ಹಾಯ್ತದೆ’ ಎಂದು ದಿನಾ ಹೇಳುತ್ತಿದ್ದರು. ಅದು ಸುಮ್ನೆ ನಿಂತಿದ್ದಾಗಲೂ ನಮಗೆ ಭಯ. ದಾಟುವುದೂ ನುಗ್ಗುವುದೂ ಒಂದೇ ಕ್ರಿಯಾಪದದಲ್ಲಿ ಇರುವಾಗ ಹೊಸ ಪದ ಯಾಕೆ ಕಟ್ಟಬೇಕು? ‘ಡೋರಿಯನ್ ಮಧ್ಯಾಹ್ನ ಎಲ್ಬೋ ಕೇಯಲ್ಲಿ ದಡ ಹಾಯ್ದಿತು.’ ಮೂರು ದ್ವೀಪಗಳಲ್ಲಿ ಮೂರು ಸಲ ಹಾಯ್ದಿತು ಅಂದರೂ ಕಿವಿಗೆ ತೊಡಕಾಗುವುದಿಲ್ಲ. ತೌಕ್ತೆ ನಮಗೆ ಅಪ್ಪಳಿಸಿತು, ಗುಜರಾತಿನಲ್ಲಿ ದಡ ಹಾಯ್ದಿತು. ಎರಡೂ ಬೇರೆಯಾಗಿ ನಿಲ್ಲುತ್ತವೆ. ನಿಮಗೆ ಏನನ್ನಿಸುತ್ತದೆ?

ಇದರ ಜೊತೆಗೇ ಇನ್ನೊಂದು ಪ್ರಶ್ನೆ. ಈ ಜನರನ್ನು ‘ಬಿರುಗಾಳಿ ಬೆನ್ನಟ್ಟುವವರು’ ಅನ್ನುವುದು ರೂಢಿ. ಅಮೆರಿಕದ ಒಕ್ಲಹೋಮಾ, ಕಾನ್ಸಸ್ ಬಯಲಲ್ಲಿ ಸುಂಟರಗಾಳಿಯ ಹಿಂದೆ ಕಾರು ಓಡಿಸುವವರಿಗೆ ಅದು ಸರಿ. ಹರಿಕೇನಿಗೆ ಹೋಗುವವರು ಬೆನ್ನಟ್ಟುವುದಿಲ್ಲ. ದಡ ಹಾಯುವ ಜಾಗ ಲೆಕ್ಕ ಹಾಕಿ, ಮೊದಲೇ ಹೋಗಿ ಕಾದು ಕೂರುತ್ತಾರೆ. ‘ಎದುರುಗೊಳ್ಳುವವರು’ ಅಂದರೆ ಬೀಗರನ್ನು ಕರೆತಂದ ಹಾಗೆ ಕೇಳಿಸುತ್ತದೆಯೇ? ನನಗೆ ಆ ಪದದ ಮೇಲೆ ಮನಸ್ಸಿದೆ, ಆದರೆ ಧೈರ್ಯ ಸಾಲುತ್ತಿಲ್ಲ.

ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ತೂಫಾನು ಕಡಲು ಬಿಟ್ಟು ನೆಲಕ್ಕೆ ಬಂದಾಗ ನಿಮ್ಮ ಮನೆಯ ಹಿರಿಯರು, ಮೀನುಗಾರರು ಏನನ್ನುತ್ತಾರೆ? ಅವರ ಬಾಯಲ್ಲಿ ಪದ ಇದ್ದರೆ ‘ಹಾಯು’ವನ್ನು ಕೈಬಿಟ್ಟು ಅದನ್ನೇ ಹಾಕುತ್ತೇನೆ.