ಹೊಸ ಕಂಪ್ಯೂಟರ್ ಆನ್ ಆಗ್ತಾ ಇಲ್ಲ, ಯಾರಿಗಾದ್ರೂ ಹೀಗೆ ಆದದ್ದು ಉಂಟಾ?

ಕುಂಜಿಬೆಟ್ಟು, ಉಡುಪಿ (ಕೇಳಿದವರು)
ಶನಿವಾರ ಇಡೀ ದಿನ ಕೂತು ಮೊದಲ ಸಲ ನಾನೇ ಕಂಪ್ಯೂಟರ್ ಜೋಡಿಸಿದೆ. ಐ5-12400ಎಫ್ ಪ್ರೊಸೆಸರ್, ಬಿ660 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಎಲ್ಲಕ್ಕೂ ಕರೆಂಟ್ ಕೊಡುವ 550 ವ್ಯಾಟ್ ಎಸ್‌ಎಂಪಿಎಸ್. ಗ್ರಾಫಿಕ್ಸ್ ಕಾರ್ಡ್ ಮುಂದಿನ ಸಂಬಳ ಬಂದ ಮೇಲೆ. ಬೋರ್ಡ್ ಮೇಲೆ ಒಂದು ಸಣ್ಣ ದೀಪ ಉರಿಯುತ್ತದೆ. ಆದರೆ ಬಟನ್ ಒತ್ತಿದರೆ ಫ್ಯಾನ್ ಕೂಡ ತಿರುಗುವುದಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲ. ನಿಮಗೆ ಹೀಗಾದಾಗ ಏನು ಮಾಡಿದಿರಿ, ಹೇಳಿ.

ಸುರತ್ಕಲ್
ನನ್ನದು 11 ದಿನದ ಕಥೆ. ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಮತ್ತೆ ಒತ್ತಿದರೆ ಅದೂ ಇಲ್ಲ. ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಪುನಃ ಅರ್ಧ ಸುತ್ತು. ಜೋರು ಮಳೆ. ಕ್ಯಾಬಿನೆಟ್‌ಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಬಸ್ಸಿನಲ್ಲಿ ಹಂಪನಕಟ್ಟೆಗೆ ಹೊತ್ತುಕೊಂಡು ಹೋದೆ. ಅಂಗಡಿಯವರು ಬರೇ ನೋಡುವುದಕ್ಕೇ 500 ತೆಗೆದುಕೊಂಡರು. ಬೋರ್ಡ್ ಹೋಗಿದೆ ಎಂದರು. 9,200 ಕೊಟ್ಟು ಹೊಸತು ತೆಗೆದುಕೊಂಡೆ. ಬರುವಾಗ ಬಸ್ಸಿನಲ್ಲಿ ಜಾಗ ಇಲ್ಲ, ರಿಕ್ಷಾಕ್ಕೆ 420. ಮನೆಯಲ್ಲಿ ಹಾಕಿದರೆ ಅದೇ ಅರ್ಧ ಸುತ್ತು! ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಕೊನೆಗೆ ಬೋರ್ಡ್ ಬಿಚ್ಚಿ ತಿರುಗಿಸಿ ಟಾರ್ಚ್ ಹಿಡಿದೆ. ಹಿಂಬದಿಯಲ್ಲಿ ಕಡಲೆಬೇಳೆಯಷ್ಟು ದೊಡ್ಡ ದುಂಡಗಿನ ಗೀರು. ಬೋರ್ಡನ್ನು ಎತ್ತಿ ಹಿಡಿಯಲು ಕ್ಯಾಬಿನೆಟ್ ಒಳಗೆ ಹಿತ್ತಾಳೆಯ ಸ್ಟಡ್ ಇರುತ್ತದಲ್ಲ, ಅದರಲ್ಲಿ ಒಂದು, ಬೋರ್ಡಿಗೆ ತೂತೇ ಇಲ್ಲದ ಕಡೆ ಕೂತಿತ್ತು. ಬೆಸುಗೆಗೆ ತಾಗಿ ಶಾರ್ಟ್. ಸ್ಟಡ್ ತೆಗೆದೆ, ಆನ್ ಆಯ್ತು. ಹಳೇ ಬೋರ್ಡ್ ಹಾಕಿ ನೋಡಿದೆ, ಅದೂ ಆನ್. 9,200 ಹೊಳೆಗೆ ಹಾಕಿದ ಹಾಗೆ. ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಪೆಟ್ಟಿಗೆ ಮೇಲಿಟ್ಟು ನೋಡಿ.

ಮಣಿಪಾಲ
ಇದಕ್ಕೇ ನಾನು ಮಗನ ಕಂಪ್ಯೂಟರನ್ನು ಅಂಗಡಿಯಲ್ಲೇ ಮಾಡಿಸಿದ್ದು. ಜೋಡಣೆಗೆ 1,500. ಆನ್‌ಲೈನ್ ರೇಟಿಗಿಂತ ಸಾಮಾನಿಗೆ 3,800 ಜಾಸ್ತಿ ಆಯ್ತು, ಇಲ್ಲ ಅನ್ನುವುದಿಲ್ಲ. ಮೂರನೇ ದಿನ ಆನ್ ಆಗಲಿಲ್ಲ. ಸ್ಕೂಟರಿನಲ್ಲಿ ಇಟ್ಟುಕೊಂಡು ಹೋದೆ. ಪ್ರೊಸೆಸರ್ ಹತ್ತಿರ ಮೂಲೆಯಲ್ಲಿ 8 ಪಿನ್ನಿನ ವೈರ್ ಇರುತ್ತದೆ, ಅದನ್ನು ನನ್ನ ಕಣ್ಣೆದುರೇ ಎಳೆದು ಪುನಃ ಒತ್ತಿದರು. ಟಕ್ ಎಂದಿತು. ಅರ್ಧವೇ ಕೂತಿತ್ತಂತೆ. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಮಗ ಅದೇ ರಾತ್ರಿ ಪ್ರಾಜೆಕ್ಟ್ ಮುಗಿಸಿದ.

ಕುಂದಾಪುರ
ಅಕ್ಕ, ಆ ವೈರ್ ಅರ್ಧ ಕೂರಿಸಿದ್ದು ಯಾರು? ನೀವು 1,500 ಕೊಟ್ಟ ಅಂಗಡಿಯವರೇ ಅಲ್ವಾ? ಸುರತ್ಕಲ್‌ನವರ 9,200 ಹೋದದ್ದೂ ಅಂಗಡಿಯಲ್ಲೇ.

ನಾನು ಎಲ್ಲ ಆನ್‌ಲೈನ್ ತರಿಸಿದೆ. ಎಸ್‌ಎಂಪಿಎಸ್ ಬರುವಾಗಲೇ ಸತ್ತಿತ್ತು. ಅದನ್ನು ನಾನೇ ಕಂಡುಹಿಡಿದೆ. 24 ಪಿನ್ನಿನ ಕನೆಕ್ಟರನ್ನು ಬೋರ್ಡಿನಿಂದ ತೆಗೆದು, ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಒಂದು ಪೇಪರ್ ಕ್ಲಿಪ್. ಸರಿ ಇದ್ದರೆ ಎಸ್‌ಎಂಪಿಎಸ್ ಫ್ಯಾನ್ ತಿರುಗಬೇಕು. ನನ್ನದು ಅಲುಗಲಿಲ್ಲ. ವಾರಂಟಿಗೆ ಬೆಂಗಳೂರಿಗೆ ಕಳಿಸಿದೆ. ಕೊರಿಯರ್ 640, ಒಳಗೆ ತುಂಬಲು ಥರ್ಮಾಕೋಲ್ 60. ಬದಲಿ ಬರಲು 23 ದಿನ. ದಿನಾ ಮೂರು ಸಲ ಟ್ರ್ಯಾಕಿಂಗ್ ನೋಡುವುದು, ಅದು ಘಟ್ಟ ಇಳಿಯುವುದೇ ಇಲ್ಲ. ಆದರೂ ಮುಂದಿನ ಸಲವೂ ಆನ್‌ಲೈನೇ. ಉಳಿದ ದುಡ್ಡಲ್ಲಿ ಎಸ್‌ಎಸ್‌ಡಿ ಬಂತು.

ಮಣಿಪಾಲ
23 ದಿನ ಕಾದದ್ದನ್ನು ದೊಡ್ಡ ಸಾಧನೆ ಹಾಗೆ ಹೇಳ್ತೀರಲ್ಲ! ನನ್ನ ಮಗನಿಗೆ ಪರೀಕ್ಷೆ ಇತ್ತು. ತಪ್ಪು ಅವರದ್ದೇ ಇರಬಹುದು, ಎರಡು ನಿಮಿಷದಲ್ಲಿ ಸರಿ ಮಾಡಿ ಕೊಟ್ಟರಲ್ವಾ?

ಕಂಕನಾಡಿ
ಪೇಪರ್ ಕ್ಲಿಪ್ ವಿಷಯ ಹೊಸಬರಿಗೆ ಹೇಳಬೇಡಿ ಮಾರಾಯ್ರೆ. ಈಗಿನ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲಾ ವೈರೂ ಕಪ್ಪು. ಹಸಿರು ಎಲ್ಲಿಂದ ಹುಡುಕುವುದು? ತಪ್ಪಿ 12 ವೋಲ್ಟಿಗೆ ತಾಗಿದರೆ ಕಿಡಿ ಹಾರುತ್ತದೆ. ಕೆಲವದರಲ್ಲಿ ಲೋಡ್ ಇಲ್ಲದಿದ್ದರೆ ಫ್ಯಾನ್ ತಿರುಗುವುದೇ ಇಲ್ಲ. ಒಳ್ಳೇದನ್ನೂ ಸತ್ತಿದೆ ಅಂತ ಬಿಸಾಡ್ತಾರೆ.

ಎಲ್ಲರೂ ಬಿಟ್ಟದ್ದು ಅರ್ಥಿಂಗ್. ನಮ್ಮದು ಹಂಚಿನ ಹಳೇ ಮನೆ. ಸಾಕೆಟ್ಟಿಗೆ ಮೂರು ತೂತು ಇತ್ತು, ಮೇಲಿನ ತೂತಿನ ಹಿಂದೆ ವೈರೇ ಇರಲಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಕೈಯೆಲ್ಲ ಜುಂ. ಮೀಟರ್ ಇಟ್ಟರೆ 110 ವೋಲ್ಟ್ ಆಸುಪಾಸು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ ಸೋರುವ ಕರೆಂಟಿಗೆ ಹೋಗಲು ದಾರಿ ಇಲ್ಲದಿದ್ದರೆ ಹಾಗೇ, 230ರ ಅರ್ಧ ಕ್ಯಾಬಿನೆಟ್ಟಿಗೆ ಬರುತ್ತದೆ. ಅರ್ಥಿಂಗ್ ಮಾಡಿಸಲು ಅಂಗಳದಲ್ಲಿ ಹೊಂಡ ತೋಡಿ, ಇದ್ದಿಲು, ಉಪ್ಪು, ಪೈಪು ಎಲ್ಲ ಸೇರಿ 4,600 ಆಯ್ತು. ಕೆಲಸದವರಿಗೆ 1,200 ಬೇರೆ.

ಕುಂದಾಪುರ
ಬಣ್ಣ ಇಲ್ಲದಿದ್ದರೆ 16 ಮತ್ತು 17ನೇ ಪಿನ್. ಎಣಿಸಲು ಬರುವವರಿಗೆ ಹೆದರಿಕೆ ಬೇಡ. ಅರ್ಥಿಂಗ್ ಇಲ್ಲದಿದ್ದರೆ ಕಂಪ್ಯೂಟರ್ ಆನ್ ಆಗುವುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?

ಕಂಕನಾಡಿ
ಆನ್ ಆಗುವುದಿಲ್ಲ ಅಂತ ನಾನು ಎಲ್ಲಿ ಹೇಳಿದ್ದೇನೆ? ಸರಿಯಾಗಿ ಓದಿ. ನನ್ನ ಎಂಟು ವರ್ಷದ ಮಗಳು ಮುಟ್ಟಿ ಕಿರುಚಿದ್ದಾಳೆ. ಅದು ಸಣ್ಣ ವಿಷಯ ಅಲ್ಲ.

ಪಡುಬಿದ್ರಿ
ಕೇಳಿದವರು ಬೋರ್ಡ್ ಮೇಲೆ ದೀಪ ಉರಿಯುತ್ತದೆ ಅಂತ ಬರೆದಿದ್ದಾರೆ. ಅಂದರೆ ಎಸ್‌ಎಂಪಿಎಸ್‌ನಿಂದ ಸ್ಟ್ಯಾಂಡ್‌ಬೈ 5 ವೋಲ್ಟ್ (ಬಟನ್ ಒತ್ತುವ ಮೊದಲೇ ಇರುವ ಕರೆಂಟ್) ಬರ್ತಾ ಉಂಟು. ಮೊದಲು ಬಟನ್ನಿನ ವೈರ್ ನೋಡಿ. ನಾನು ಒಂದು ವಾರ ಆ ವೈರನ್ನು ಪಕ್ಕದ ಎಲ್‌ಇಡಿ ಪಿನ್ನಿಗೆ ಹಾಕಿಟ್ಟು ಒದ್ದಾಡಿದ್ದೇನೆ. ಬೋರ್ಡಿನ ಪುಸ್ತಕದಲ್ಲಿ ಚಿತ್ರ ಉಂಟು. ಪವರ್ ಸ್ವಿಚ್‌ನ ಎರಡು ಪಿನ್ನುಗಳಿಗೆ ಒಟ್ಟಿಗೆ ಸ್ಕ್ರೂಡ್ರೈವರ್ ತುದಿ ಒಂದು ಸೆಕೆಂಡ್ ತಾಗಿಸಿ. ಆನ್ ಆದರೆ ಬೋರ್ಡ್ ಸರಿ ಉಂಟು.

ಕುಂಜಿಬೆಟ್ಟು (ಕೇಳಿದವರು)
ತಿರುಗಿತು! ಕೈ ನಡುಗುತ್ತಿತ್ತು, ಅಮ್ಮ ಟಾರ್ಚ್ ಹಿಡಿದರು. ಬಟನ್ ವೈರ್ ಒಂದು ಸಾಲು ಕೆಳಗೆ ಕೂತಿತ್ತು. ಪಡುಬಿದ್ರಿಯವರಿಗೆ ಕೈ ಮುಗಿದೆ. ಆದರೆ ಮಾನಿಟರ್ ಇನ್ನೂ ಕಪ್ಪೇ. ಎಚ್‌ಡಿಎಂಐ ವೈರ್ ಬೋರ್ಡಿಗೇ ಹಾಕಿದ್ದೇನೆ. ರ‍್ಯಾಮ್ ಹೋಗಿದೆಯಾ?

ಕುಂದಾಪುರ
ರ‍್ಯಾಮ್ ತೆಗೆದು ಪಿನ್ನನ್ನು ರಬ್ಬರಿನಲ್ಲಿ ಉಜ್ಜಿ ಹಾಕಿ. ಹೊಸ ರ‍್ಯಾಮಿಗೂ ನಾನು ಹಾಗೇ ಮಾಡುವುದು.

ಸುರತ್ಕಲ್
ರಬ್ಬರ್ ಬೇಡ. 12400ಎಫ್ ಅಂದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕದೆ ಆ ಬೋರ್ಡಿನಿಂದ ಚಿತ್ರ ಬರುವುದೇ ಇಲ್ಲ. ಏನೂ ಹಾಳಾಗಿಲ್ಲ, ನಿಶ್ಚಿಂತೆಯಿಂದ ಮಲಗಿ. ದಯಮಾಡಿ ಹೊಸ ಬೋರ್ಡ್ ತರಬೇಡಿ. ನನ್ನ ಹತ್ತಿರ ಹಳೇ ಜಿಟಿ 1030 ಕಾರ್ಡ್ ಸುಮ್ನೆ ಬಿದ್ದಿದೆ. ಬೇರೆ ಪವರ್ ವೈರ್ ಕೂಡ ಬೇಡ ಅದಕ್ಕೆ. ಆದಿತ್ಯವಾರ ಬನ್ನಿ, ನಿಮ್ಮ ಕಾರ್ಡ್ ಬರುವವರೆಗೆ ಇಟ್ಟುಕೊಳ್ಳಿ.

ಕಂಕನಾಡಿ
ಕಾರ್ಡ್ ಹಾಕುವ ಮೊದಲು ಪ್ಲಗ್ ತೆಗೆಯಿರಿ. ಹಾಕಿದ ಮೇಲೆ ಪ್ಲಗ್ ಚುಚ್ಚಿ, ಕ್ಯಾಬಿನೆಟ್‌ನ ಪೇಂಟ್ ಇಲ್ಲದ ಸ್ಕ್ರೂಗೆ ಒಮ್ಮೆ ಟೆಸ್ಟರ್ ಹಿಡಿದು ನೋಡಿ. ದೀಪ ಹತ್ತಿದರೆ ಇಲ್ಲಿ ತಿಳಿಸಿ, ನಮ್ಮ ಮನೆಗೆ ಬಂದ ಎಲೆಕ್ಟ್ರಿಷಿಯನ್ನನ್ನು ಉಡುಪಿಗೆ ಕಳಿಸುತ್ತೇನೆ.